ಅಂಗಳ ದಾಟಿದ ಹನ್ನೆರಡು ವೋಲ್ಟಿನ ತಂತಿ

ಐ.ಟಿ.ಐ. ಮುಗಿಸಿ ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ. ಯಾವ ಕಂಪನಿಯ ಸಾಮಾನು ಒಳ್ಳೆಯದು? ಅದನ್ನು ಅಂಗಡಿಯವನ ಹತ್ತಿರ ಕೇಳಿ ಮಾರಾಯ್ರೆ. ನಾನು ಸಾಮಾನು ಮಾರಿದವನಲ್ಲ, ತಂತಿ ಎಳೆದವನು. ಮೂವತ್ತೆಂಟು ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಿದೆ. ಆಮೇಲೆ ಮೊಣಕಾಲು ಇನ್ನು ಏಣಿ ಹತ್ತುವುದಿಲ್ಲ ಎಂದು ಹಟ ಹಿಡಿಯಿತು. ಬಿಟ್ಟೆ. ಈಗ ಕೂತಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸದ ಹೆಚ್ಚಿನ ಪಾಲು ಸಣ್ಣ ತಂತಿಯದು. ಮುಟ್ಟಿದರೆ ಹೊಡೆಯದ ತಂತಿ. ಮೊದಲು ಕರೆಗಂಟೆ, ಟೆಲಿಫೋನು; ಆಮೇಲೆ ಕ್ಯಾಮರಾ; ಕೊನೆಯ ಹತ್ತು ಹನ್ನೆರಡು ವರ್ಷ ಮನೆಯ ದೀಪ, ಫ್ಯಾನು, ಬಾಗಿಲು ಎಲ್ಲವನ್ನೂ ಒಂದು ಪೆಟ್ಟಿಗೆಯ ಮಾತು ಕೇಳುವ ಹಾಗೆ ಮಾಡುವ ಕೆಲಸ. ಹನ್ನೆರಡು ವೋಲ್ಟು, ಇಪ್ಪತ್ನಾಲ್ಕು ವೋಲ್ಟು. ದೊಡ್ಡ ಲೈನಿನ ಕೆಲಸ ಮಾಡುವವರು ನಮ್ಮನ್ನು ನೋಡಿ ‘ಆಟಿಕೆ ಸಾಮಾನಿನವರು’ ಎಂದು ನಗುತ್ತಿದ್ದರು. ನಗಲಿ. ಮುಟ್ಟಿದರೆ ಹೊಡೆಯುವ ತಂತಿ ತಪ್ಪಾದರೆ ಅಲ್ಲೇ ಗೊತ್ತಾಗುತ್ತದೆ. ನಮ್ಮ ತಂತಿ ತಪ್ಪಾದರೆ ಆರು ತಿಂಗಳು ಸುಮ್ಮನಿದ್ದು ಒಂದು ದಿನ ಕೈ ಕೊಡುತ್ತದೆ. ಆ ಒಂದು ದಿನದ ಕತೆ ಹೇಳುವುದಕ್ಕೇ ನಾನು ಪೆನ್ನು ಹಿಡಿದದ್ದು. ಆದರೆ ಅದಕ್ಕೆ ಮೊದಲು ನನಗೆ ಕಲಿಸಿದವರ ಹೆಸರು ಹೇಳದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಶಿರಸಿಯಲ್ಲಿ ಶಾಂತಾರಾಮಣ್ಣ ಎಂಬ ಕಾಂಟ್ರಾಕ್ಟರ್ ಇದ್ದರು. ನಾನು ಅವರ ಕೈ ಕೆಳಗೆ ಆರು ವರ್ಷ ದುಡಿದೆ. ಮನೆಮಾತು ಕೊಂಕಣಿ, ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ. ಸೇರಿದ ಹೊಸತರಲ್ಲಿ ಒಂದು ಮನೆಗೆ ಕರೆಗಂಟೆಯ ತಂತಿಯನ್ನು ಕರೆಂಟಿನ ತಂತಿಯ ಪೈಪಿನೊಳಗೇ ತೂರಿಸಿಬಿಟ್ಟಿದ್ದೆ. ಒಂದೇ ಪೈಪಿನಲ್ಲಿ ಎರಡೂ ಹೋಗುತ್ತವಲ್ಲ, ಕೆಲಸ ಉಳಿಯಿತು ಎಂದು ನನಗೆ ಒಳಗೊಳಗೇ ಹಿಗ್ಗು. ಶಾಂತಾರಾಮಣ್ಣ ಬಂದು ನೋಡಿದರು. ಅಷ್ಟೂ ತಂತಿಯನ್ನು ಹೊರಗೆಳೆದು ನನ್ನ ಕೊರಳಿಗೆ ಹಾರದ ಹಾಗೆ ಹಾಕಿ, ‘ಹಿಂಗೇ ಊಟಕ್ಕೆ ಹೋಗು. ಯಾರಾದ್ರೂ ಕೇಳಿದ್ರೆ ಎಂತ ಮಾಡಿದ್ದೆ ಅಂತ ಹೇಳು’ ಎಂದರು. ಹಳೇ ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಕೊರಳಲ್ಲಿ ತಂತಿ ಹಾಕಿಕೊಂಡೇ ಊಟ ಮಾಡಿದೆ. ಅಂದಿನಿಂದ ಇಂದಿನವರೆಗೆ ನಾನು ಎಳೆದ ಸಣ್ಣ ತಂತಿ ಕರೆಂಟಿನ ತಂತಿಯಿಂದ ಒಂದು ಗೇಣು ದೂರವೇ ಹೋಗಿದೆ. ಎರಡೂ ಒಂದೇ ಪೈಪಿನಲ್ಲಿದ್ದು ಸಿಪ್ಪೆ ಸುಲಿದರೆ ಗಂಟೆಯ ಗುಂಡಿ ಒತ್ತಿದವನಿಗೆ ದೊಡ್ಡ ಕರೆಂಟೇ ಹೊಡೆಯುತ್ತದೆ. ಆ ಒಂದು ಗೇಣಿನಿಂದಾಗಿ ಎಷ್ಟು ಮನೆಯವರ ಜೀವ ಉಳಿದಿದೆಯೋ ನನಗೆ ಗೊತ್ತಿಲ್ಲ. ಶಾಂತಾರಾಮಣ್ಣ, ನಿಮ್ಮ ಕೈಗೆ ನಮಸ್ಕಾರ.

ಎರಡನೆಯ ಗುರು ಶಿರಸಿ ಪೇಟೆಯ ಒಂದು ಮನೆಯ ಅಜ್ಜಿ. ಆ ಮನೆಗೆ ಹೊಸದಾಗಿ ಎಲ್ಲವೂ ಫೋನಿನಿಂದ ನಡೆಯುವ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಮೂರು ದಿನಕ್ಕೊಮ್ಮೆ ದೂರು. ನಡು ಮಧ್ಯಾಹ್ನ ಮನೆಯ ಹದಿನೆಂಟು ದೀಪವೂ ತಾವಾಗಿಯೇ ಉರಿಯುತ್ತವೆ, ಫ್ಯಾನುಗಳೆಲ್ಲ ತಿರುಗುತ್ತವೆ, ದೆವ್ವ ಹೊಕ್ಕ ಹಾಗೆ. ನಾಲ್ಕು ಸಲ ಪೆಟ್ಟಿಗೆ ಬಿಚ್ಚಿದೆ, ಏನೂ ಸಿಗಲಿಲ್ಲ. ಐದನೆಯ ಸಲ ಹೋದಾಗ ದೂರದಲ್ಲಿ ಗುಡುಗಿತು. ಅಜ್ಜಿ ಕೂತಲ್ಲಿಂದ ಎದ್ದು ಸೀದಾ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದರು. ಗುಡುಗು ನಿಂತ ಮೇಲೆ ಮೇಲೆತ್ತಿದರು. ನನ್ನ ಪೆಟ್ಟಿಗೆಗೆ ಹಿಂದಿನದೆಲ್ಲ ಮರೆತುಹೋಗಿ ಹದಿನೆಂಟೂ ದೀಪ ಹೊತ್ತಿಕೊಂಡವು. ಗುಡುಗಿದರೆ ಮೇನ್ ತೆಗೆಯುವುದು ನಮ್ಮ ಕಡೆ ಪ್ರತಿ ಮನೆಯಲ್ಲೂ ಉಂಟು, ನನ್ನ ಅಮ್ಮನೂ ತೆಗೆಯುತ್ತಿದ್ದಳು. ಆದರೂ ನನಗೆ ಹೊಳೆಯಲಿಲ್ಲ ನೋಡಿ!

‘ಅಮ್ಮ, ಇನ್ನು ಮೇಲೆ ಮೇನ್ ತೆಗೀಬೇಡಿ’ ಎಂದೆ.

‘ತಮಾ, ಗುಡುಗಿದ್ರೆ ಆನು ಮೇನ್ ತೆಗೀದೇ ಇರ್ತ್ನಿಲ್ಲೆ. ನಿನ್ನ ಪೆಟ್ಗೆಗೆ ಎಂತ ಬೇಕೋ ಅದ್ನ ನೀನೇ ನೋಡ್ಕ್ಯ’ ಎಂದರು.

ಸರಿಯಾದ ಮಾತೇ. ಗುಡುಗಿದರೆ ಅವರು ಮೇನ್ ತೆಗೆಯುವವರೇ; ಮನೆ ಪೆಟ್ಟಿಗೆಗಾಗಿ ಇರುವುದಲ್ಲ. ಪೆಟ್ಟಿಗೆಗೊಂದು ಸಣ್ಣ ಬ್ಯಾಟರಿ ಕೂರಿಸಿದೆ, ದೆವ್ವ ಬಿಟ್ಟುಹೋಯಿತು. ಆಗಿನಿಂದ ಯಾವ ಮನೆಗೆ ಹೋದರೂ ಮೊದಲು ಮನೆಯ ಹಿರಿಯರ ಹತ್ತಿರ ಕೂತು, ದಿನವಿಡೀ ಏನೇನು ಮಾಡುತ್ತೀರಿ ಎಂದು ಕೇಳಿದ ಮೇಲೆಯೇ ನಕ್ಷೆಗೆ ಕೈ ಹಾಕುವ ರೂಢಿ ಮಾಡಿಕೊಂಡೆ. ಈ ರೂಢಿಯಿಂದ ನಾನು ಪಕ್ಕಾ ಆದೆ ಎಂಬ ಜಂಬವೂ ಬಂತು. ಆ ಜಂಬದಲ್ಲೇ ನಾನು ಗಣಪತಿಯ ಮನೆಗೆ ಕಾಲಿಟ್ಟದ್ದು.

ಗಣಪತಿ ನಾಯ್ಕ ಸಿದ್ದಾಪುರ ತಾಲ್ಲೂಕಿನವನು, ದೊಡ್ಮನೆ ಕಡೆ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸುವುದರಲ್ಲಿ ಅವನಷ್ಟು ಚುರುಕಿನವರು ಆ ಸೀಮೆಯಲ್ಲೇ ಇರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಲವತ್ತನೆಯ ವರ್ಷಕ್ಕೆ ಮರದಿಂದ ಬಿದ್ದ. ಕುತ್ತಿಗೆಯ ಹತ್ತಿರ ಪೆಟ್ಟು. ಸೊಂಟದ ಕೆಳಗೆ ಪೂರಾ ಹೋಯಿತು. ತೋಳು ಎತ್ತಬಲ್ಲ, ಬೆರಳು ಮಡಚಲಾರ. ದನಿಯೂ ಸಣ್ಣಗಾಗಿತ್ತು, ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವಷ್ಟು. ಅವನು ಮರ ಹತ್ತುತ್ತಿದ್ದ ತೋಟದವರೇ ಸೇರಿ ಗಾಲಿಕುರ್ಚಿ ಕೊಡಿಸಿದ್ದರು, ಮನೆಯ ವ್ಯವಸ್ಥೆಗೆ ಬೇಕಾದ ಸಾಮಾನನ್ನೂ ತರಿಸಿದ್ದರು. ಕೆಲಸ ಮಾಡಲು ನನ್ನನ್ನು ಕಳಿಸಿದರು.

ಅವನ ಹೆಂಡತಿ ಲಕ್ಷ್ಮಿ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಬಿದ್ದ ಮೇಲೆ ರಜೆಯ ಮೇಲೆ ರಜೆ. ಶಾಲೆ ಶುರುವಾಗುವ ದಿನಕ್ಕೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಹತ್ತರಿಂದ ಮೂರರವರೆಗೆ ಗಣಪತಿ ಒಬ್ಬನೇ ಮನೆಯಲ್ಲಿ ಇರಬೇಕು. ಇರಬಲ್ಲನೇ ಎಂಬುದೇ ಪ್ರಶ್ನೆ.

ಮೊದಲ ದಿನ ನಾನು ಅವನನ್ನು ಕೇಳಿದೆ, ‘ಎಂತ ಎಂತ ಬೇಕು ಗಣಪತಿ?’

‘ದೀಪ, ಫ್ಯಾನು ಎಲ್ಲ ನಿಮ್ಗೆ ತಿಳ್ದಂಗೆ ಮಾಡಿ ಮೇಸ್ತ್ರೀ. ನಂಗೆ ಒಂದೇ ಬೇಕು. ಇವ್ಳು ಶಾಲಿಗೆ ಹೋಗ್ಬೇಕು’ ಎಂದ. ಲಕ್ಷ್ಮಿ ಒಳಗಿದ್ದಳು. ಅವನು ಇನ್ನೂ ಸಣ್ಣಗೆ ಹೇಳಿದ, ‘ಅವ್ಳು ನನ್ನ ಕಾಯ್ತಾ ಇಲ್ಲೇ ಕೂತ್ರೆ ಇಬ್ರೂ ಮರದಿಂದ ಬಿದ್ದಂಗೇ ಆತಲ್ರಾ. ಬಿದ್ದವ ನಾನೊಬ್ನೇ ಸಾಕು.’

ಅಷ್ಟು ಶ್ರದ್ಧೆಯಿಂದ ನಾನು ಯಾವ ಶ್ರೀಮಂತರ ಮನೆಗೂ ಕೆಲಸ ಮಾಡಿದ್ದಿಲ್ಲ. ಒಂದು ಇಡೀ ದಿನ ಅವನ ಕುರ್ಚಿಯಲ್ಲಿ ನಾನು ಕೂತು, ಬೆರಳು ಮಡಚದೆ ಬರೀ ಮುಷ್ಟಿಯ ಹಿಂಬದಿಯಿಂದ ಮನೆಯೆಲ್ಲ ಮುಟ್ಟಿ ನೋಡಿದೆ. ಸ್ವಿಚ್ಚು ನೆಲದಿಂದ ನಾಲ್ಕೂವರೆ ಅಡಿಗೆ ಇರಬೇಕು ಎಂದು ನಮಗೆ ಕಲಿಸಿರುತ್ತಾರೆ, ಅವನಿಗೆ ಎರಡೂಕಾಲು ಅಡಿ. ಅಂಗೈ ಅಗಲದ ಒತ್ತುಗುಂಡಿಗಳು. ಮಂಚದ ಪಕ್ಕ ಒಂದು ಸಾಲು, ಬಾಗಿಲ ಪಕ್ಕ ಒಂದು ಸಾಲು. ಎಲ್ಲಕ್ಕಿಂತ ಮುಖ್ಯವಾದದ್ದು ಕೆಂಪು ಗುಂಡಿ. ಅದನ್ನು ಒತ್ತಿದರೆ ಅಂಗಳದಾಚೆ ಅಣ್ಣ ಈಶ್ವರನ ಮನೆಯಲ್ಲಿ ಗಂಟೆ ಹೊಡೆಯಬೇಕು, ಅತ್ತಿಗೆ ಓಡಿ ಬರಬೇಕು. ಕೆಂಪು ಗುಂಡಿಯನ್ನು ಮೂರು ಕಡೆ ಇಟ್ಟೆ. ಒಂದು ನೆಲದಿಂದ ಬರೀ ಒಂದು ಅಡಿ ಮೇಲೆ, ಕುರ್ಚಿಯಿಂದ ಜಾರಿ ಬಿದ್ದರೂ ಸಿಗಲಿ ಎಂದು. ಇದು ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ವೈಫೈ ಇಟ್ಟರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಆ ಮನೆಯಲ್ಲಿ ಫೋನು ಹಿಡಿದು ಮಾತಾಡಬೇಕಾದರೆ ಗುಡ್ಡದ ತಿರುವಿಗೆ ಹೋಗಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ನಾಲ್ಕು ದಿನ ಇಲ್ಲ. ಅಂಥಲ್ಲಿ ತಂತಿಯೇ ಗತಿ, ಬ್ಯಾಟರಿಯೇ ದೇವರು.

ಅಂಗಳ ಇಪ್ಪತ್ತು ಹೆಜ್ಜೆ. ಬೇಸಿಗೆಯ ಕೊನೆ, ಬೋಳು ಅಂಗಳ. ಈಶ್ವರ ಮತ್ತು ಅವನ ಹೆಂಡತಿ ಅರಬೈಲ್ ಕಡೆ ಮದುವೆಗೆ ಹೋಗಿದ್ದರು. ನಾನೇ ಗುದ್ದಲಿ ಹಿಡಿದೆ. ಕಲ್ಲಿನಂಥ ಗಟ್ಟಿ ನೆಲ. ಆದರೆ ಒಂದು ಸಾಲಿನಲ್ಲಿ ಮಾತ್ರ, ನಾಲ್ಕು ಹೆಜ್ಜೆಗೊಮ್ಮೆ, ಮಣ್ಣು ಬೆಣ್ಣೆಯ ಹಾಗೆ ಬಿಡುತ್ತಿತ್ತು. ಆಹಾ, ನನ್ನ ಪುಣ್ಯ ಎಂದುಕೊಂಡು ಅದೇ ಸಾಲು ಹಿಡಿದು ಒಂದೂವರೆ ಅಡಿ ಆಳಕ್ಕೆ ಪೈಪು ಹೂತೆ. ಮಣ್ಣು ಅಲ್ಲಿ ಯಾಕೆ ಮೆತ್ತಗಿದೆ ಎಂದು ಯಾರನ್ನೂ ಕೇಳಲಿಲ್ಲ. ಹೂತದ್ದು ಎಲ್ಲಿ ಎಂದು ಒಂದು ಚೀಟಿ ಬರೆದು ಗೋಡೆಗೆ ಅಂಟಿಸಲೂ ಇಲ್ಲ. ನಕ್ಷೆ ನನ್ನ ತಲೆಯಲ್ಲಿತ್ತು, ತಲೆ ಶಿರಸಿಯಲ್ಲಿತ್ತು.

ಶಾಲೆ ಶುರುವಾದ ದಿನ ಲಕ್ಷ್ಮಿ ಹೋದಳು. ದಿನಾ ಬೆಳಿಗ್ಗೆ ಹೊರಡುವ ಮೊದಲು ಒಮ್ಮೆ ಗಂಟೆ ಒತ್ತಿ ನೋಡುತ್ತಿದ್ದಳಂತೆ. ಒಂದು ತಿಂಗಳು, ಎರಡು ತಿಂಗಳು. ಗಂಟೆ ಒಂದು ಸಲವೂ ತಪ್ಪಲಿಲ್ಲ. ನಂಬಿಕೆ ಬಂದ ಮೇಲೆ ಒತ್ತಿ ನೋಡುವುದನ್ನು ಬಿಟ್ಟಳು.

ದೀಪಾವಳಿ ಕಳೆಯಿತು. ದೀಪಾವಳಿ ಕಳೆದ ಮೇಲೆ ನಮ್ಮ ಸೀಮೆಯ ಅಂಗಳದಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅಂಗಳ ಕೆತ್ತಿ, ಬಡಿದು, ಸಗಣಿ ಸಾರಿಸಿ, ಅಡಿಕೆ ಕೆಲಸಕ್ಕೆ ಚಪ್ಪರ ಏಳುತ್ತದೆ. ಚಪ್ಪರಕ್ಕೆ ಕಂಬ ಬೇಕು. ಕಂಬಕ್ಕೆ ಕುಳಿ ಬೇಕು. ಕುಳಿಯನ್ನು ಯಾರೂ ಹೊಸದಾಗಿ ತೋಡುವುದಿಲ್ಲ. ಹಿಂದಿನ ವರ್ಷದ ಕುಳಿಯಲ್ಲೇ ಮಣ್ಣು ತೆಗೆದು ಕಂಬ ಹುಗಿಯುತ್ತಾರೆ. ಬೇಸಿಗೆಯ ಕೊನೆಗೆ ಕಂಬ ಕಿತ್ತು ಕುಳಿ ಮುಚ್ಚುತ್ತಾರೆ. ಮಣ್ಣು ಮೆತ್ತಗಿದ್ದದ್ದು ಅದಕ್ಕೆ. ನಾನು ಈ ಊರುಗಳಲ್ಲೇ ಹುಟ್ಟಿ ಬೆಳೆದವನು, ಚಪ್ಪರದ ಕೆಳಗೆ ಆಡಿದವನು. ಹೊರಗಿನ ಊರಿನ ಎಂಜಿನಿಯರ್ ಆಗಿದ್ದರೆ ಇದೇನು ಎಂದು ಕೇಳುತ್ತಿದ್ದ. ನನಗೆ ಎಲ್ಲ ಗೊತ್ತಲ್ಲ, ನಾನು ಕೇಳಲಿಲ್ಲ.

ಈಶ್ವರ ಹಾರೆ ಹಾಕಿದ. ಏನೋ ಲಟಕ್ಕೆಂದಿತು, ಬೇರು ಎಂದುಕೊಂಡ. ತಂತಿ ಗೋಡೆಯ ಗುಂಟ ಸುತ್ತಿ ಬಂದಿದೆ ಎಂದೇ ಅವನ ಎಣಿಕೆ. ಕಂಬ ನೆಟ್ಟ.

ಮೂರು ದಿನದ ಮೇಲೆ ಗಣಪತಿ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ. ಲಕ್ಷ್ಮಿ ಹೊರಟು ಒಂದು ಗಳಿಗೆಯೂ ಆಗಿರಲಿಲ್ಲ. ತೆವಳಿ ಹೋಗಿ ಗೋಡೆಯ ಕೆಳಗಿನ ಕೆಂಪು ಗುಂಡಿ ಒತ್ತಿದ. ನಾನು ಬೆನ್ನು ತಟ್ಟಿಕೊಂಡ ಅದೇ ಗುಂಡಿ. ಇಪ್ಪತ್ತು ಹೆಜ್ಜೆ ಆಚೆ ಚಪ್ಪರದ ಕೆಳಗೆ ಹತ್ತು ಹನ್ನೆರಡು ಜನ ಅಡಿಕೆ ಸುಲಿಯುತ್ತ, ನಗುತ್ತ ಕೂತಿದ್ದರು. ಅವರ ಮಾತೆಲ್ಲ ಅವನಿಗೆ ಕೇಳುತ್ತಿತ್ತು. ಅವನ ಕೂಗು ಅವರಿಗೆ ಕೇಳಲಿಲ್ಲ. ಹತ್ತರಿಂದ ಮೂರರವರೆಗೆ ಅವನು ಒತ್ತುತ್ತಲೇ ಇದ್ದ.

ಲಕ್ಷ್ಮಿ ಬಂದು ನೋಡಿದಾಗ ಸಿಮೆಂಟಿನ ನೆಲಕ್ಕೆ ಒತ್ತಿ ಸೊಂಟದ ಚರ್ಮ ಕಿತ್ತಿತ್ತು. ಸಿದ್ದಾಪುರದ ಆಸ್ಪತ್ರೆ, ಡ್ರೆಸ್ಸಿಂಗು, ಆ ಹುಣ್ಣು ಮಾಯಲು ಎರಡು ತಿಂಗಳು. ‘ಸಾಕು, ನಾ ಇನ್ನು ಎಲ್ಲಿಗೂ ಹೋಗೂದಿಲ್ಲ’ ಎಂದು ಲಕ್ಷ್ಮಿ ಶಾಲೆಗೆ ಹೇಳಿ ಕಳಿಸಿದಳು. ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. ಸಂಕ್ರಾಂತಿಯವರೆಗೆ ನೋಡುತ್ತೇನೆ ಎಂದರಂತೆ.

ಸುದ್ದಿ ತಡವಾಗಿ ತಿಳಿದು ನಾನು ಓಡಿದೆ. ನನ್ನ ಬಾಯಿಯ ವಿಷಯ ಮೂರು ತಾಲ್ಲೂಕಿಗೂ ಗೊತ್ತು. ಅಂಗಳಕ್ಕೆ ಕಾಲಿಟ್ಟವನೇ ಈಶ್ವರನ ಮೇಲೆ ಹರಿಹಾಯ್ದೆ. ‘ಹಾರೆ ಹಾಕೋವಾಗ ಕಣ್ಣು ಎಲ್ಲಿ ಇಟ್ಕಂಡಿದ್ಯೋ? ತಮ್ಮನ ಜೀವ ತೆಗೀತಿದ್ಯಲ್ಲೋ!’

ಈಶ್ವರ ನನ್ನನ್ನು ಕಂಬದಿಂದ ಕಂಬಕ್ಕೆ ನಡೆಸಿಕೊಂಡು ಹೋದ. ‘ನಮ್ಮ ಅಪ್ಪ ತೋಡಿದ ಕುಳಿ ಇವು ಮೇಸ್ತ್ರೀ. ನಾ ನಿಮ್ಮ ಪೈಪಿಗೆ ಹಾರೆ ಹಾಕ್ಲಿಲ್ಲ. ನೀವು ನಮ್ಮ ಕುಳೀಲಿ ಪೈಪು ಹಾಕೀರಿ’ ಎಂದ.

ನಾಲ್ಕು ಕುಳಿ. ನಾಲ್ಕೂ ನನ್ನ ಪೈಪಿನ ನೆತ್ತಿಯ ಮೇಲೆಯೇ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ. ಅಷ್ಟು ಜನರ ಎದುರು ಈಶ್ವರನ ಕೈ ಹಿಡಿದು ತಪ್ಪಾಯಿತು ಎಂದೆ. ಆಮೇಲೆ ಒಳಗೆ ಹೋದೆ. ಗಣಪತಿ ಮಗ್ಗುಲಾಗಿ ಮಲಗಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

‘ಗಂಟೆ ಹೊಡೀತಾ ಉಂಟು ಅಂತ್ಲೇ ನಾ ಒತ್ತಿದ್ದು’ ಎಂದ. ‘ಅತ್ತಿಗೆ ಕೈ ತೊಳ್ಕಂಡು ಬರ್ತಾಳೆ, ಈಗ ಬರ್ತಾಳೆ, ಈಗ ಬರ್ತಾಳೆ ಅಂತ.’ ಆಮೇಲೆ ನನ್ನ ಕಡೆ ತಲೆ ಹೊರಳಿಸಿದ. ‘ಮೇಸ್ತ್ರೀ, ಮರದ ಮೇಲೆ ಕೂತು ಕೊನೆ ಕೊಯ್ದು ಹಗ್ಗದ ಮೇಲೆ ಕೆಳಗೆ ಜಾರಿಸ್ತೇವಲ್ರಾ, ಆಗ ಕೆಳಗಿನವ ಹಗ್ಗ ಹಿಡಿದಿದಾನೋ ಬಿಟ್ಟಿದಾನೋ ಅಂತ ನಾವು ಬಗ್ಗಿ ನೋಡೂದಿಲ್ಲ. ಹಗ್ಗ ಬಿಗಿ ಇದ್ರೆ ಆಳು ಇದಾನೆ. ಸಡ್ಲ ಆತು ಅಂದ್ರೆ ಕೈಗೇ ಗೊತ್ತಾಗ್ತದೆ. ನಿಮ್ಮ ತಂತಿ ಯಾವಾಗ್ಲೂ ಸಡ್ಲ. ನಾ ಒತ್ತಿದಾಗ ಮಾತ್ರ ಬಿಗಿ ಆಗೂದು. ಹಂಗಾದ್ರೆ ಅದು ಇದ್ಯೋ ಸತ್ತಿದ್ಯೋ ಯಾರಿಗೆ ಗೊತ್ತಾಗ್ಬೇಕು?’

ಮಂಚದ ಕಾಲಿಗೆ ಒರಗಿ ನೆಲದ ಮೇಲೇ ಕೂತುಬಿಟ್ಟೆ. ಅವನು ಹೇಳಿದ ವಿಧಾನ ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಶಿರಸಿಯ ಒಂದು ಬಂಗಾರದಂಗಡಿಗೆ ಕಳ್ಳರ ಗಂಟೆಯನ್ನು ಹಾಗೆಯೇ ಮಾಡಿಕೊಟ್ಟಿದ್ದೆ. ತಂತಿಯಲ್ಲಿ ಯಾವಾಗಲೂ ಸಣ್ಣ ಕರೆಂಟು ಹರಿಯುತ್ತಿರುತ್ತದೆ. ಕಳ್ಳ ತಂತಿ ಕತ್ತರಿಸಿದರೆ ಕರೆಂಟು ನಿಲ್ಲುತ್ತದೆ, ನಿಂತ ಕೂಡಲೇ ಗಂಟೆ ಹೊಡೆಯುತ್ತದೆ. ಬಂಗಾರ ಕಾಯುವಾಗ ಹೊಳೆದದ್ದು ಮನುಷ್ಯನನ್ನು ಕಾಯುವಾಗ ಹೊಳೆಯಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಮರುದಿನದಿಂದ ಹೊಸ ಕೆಲಸ. ಈ ಸಲ ಈಶ್ವರನೇ ದಾರಿ ತೋರಿಸಿದ, ಕುಳಿಗಳನ್ನು ಬಿಟ್ಟು ತುಳಸಿಕಟ್ಟೆಯ ಹಿಂದಿನಿಂದ. ಗಟ್ಟಿ ನೆಲ, ಅಂಗೈಯಲ್ಲಿ ಬೊಕ್ಕೆ ಎದ್ದವು. ಏಳಲಿ, ನನಗೆ ಬರಬೇಕಾದದ್ದೇ. ಗಂಟೆಯ ಬದಿಗೆ ಅದರದ್ದೇ ಬ್ಯಾಟರಿ ಇಟ್ಟೆ. ಗಣಪತಿಯ ಕಡೆಯಿಂದ ಹೋಗುವ ತಂತಿ ಸದಾ ಬಿಗಿ. ಗುಂಡಿ ಒತ್ತಿದರೆ ಸಂಪರ್ಕ ತಪ್ಪುತ್ತದೆ, ಗಂಟೆ ಹೊಡೆಯುತ್ತದೆ. ತಂತಿ ಕಡಿದರೂ ಹೊಡೆಯುತ್ತದೆ. ಈ ಕಡೆಯ ಬ್ಯಾಟರಿ ಸತ್ತರೂ ಹೊಡೆಯುತ್ತದೆ. ನಕ್ಷೆ ಬರೆದು ಎರಡೂ ಮನೆಯ ಗೋಡೆಗೆ ಹಚ್ಚಿದೆ.

ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಎಲ್ಲ ಮುಗಿಸಿ ಲಕ್ಷ್ಮಿಯನ್ನು ಕರೆದು ವಿವರಿಸಲು ಹೊರಟೆ. ಅವಳು ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

‘ನಿಮ್ಮ ಮಾತು ಹೋದ ಸಲವೂ ಕೇಳಿದ್ದೆ’ ಎಂದಳು.

ನಿಜ.

‘ನಾನೇ ಕತ್ತರಿಸಿ ನೋಡ್ತೆ. ಎಲ್ಲಿ ಬೇಕಾದ್ರೂ ಕತ್ತರಿಸ್ಬಹುದಾ?’

‘ಎಲ್ಲಿ ಬೇಕಾದ್ರೂ ಕತ್ತರಿಸವ್ವ’ ಎಂದೆ. ಹೊಸ ತಂತಿ, ಆಗಷ್ಟೇ ಮುಗಿಸಿದ ಕೆಲಸ.

ಅವಳು ಒಳಗಿಂದ ಅಡಕತ್ತರಿ ತಂದಳು. ತುಳಸಿಕಟ್ಟೆಯ ಹತ್ತಿರ ಪೈಪಿನಿಂದ ಮೇಲೆದ್ದ ಜಾಗದಲ್ಲಿ ತಂತಿಯನ್ನು ಅಡಕತ್ತರಿಯ ಬಾಯಿಗೆ ಕೊಟ್ಟು ಒತ್ತಿದಳು. ಕಟ್ಟೆಂದಿತು. ಆ ಕ್ಷಣಕ್ಕೇ ಅಂಗಳದಾಚೆ ಗಂಟೆ ಹೊಡೆದುಕೊಳ್ಳಲು ಶುರುವಾಯಿತು. ಈಶ್ವರನ ಹೆಂಡತಿಗೆ ನಾವು ಏನೂ ಹೇಳಿರಲಿಲ್ಲ. ಸುಲಿದ ಅಡಿಕೆಯ ಚೊಗರಿನಿಂದ ಕಪ್ಪಾದ ಕೈಯಲ್ಲೇ, ‘ಎಂತಾತೋ ಗಣ್ಪತಿ!’ ಎಂದು ಕೂಗುತ್ತ ಓಡಿ ಬಂದಳು. ಲಕ್ಷ್ಮಿ ಅಡಕತ್ತರಿ ಹಿಡಿದು ಅಂಗಳದ ನಡುವೆ ನಿಂತವಳು ಮೊದಲು ನಕ್ಕಳು, ಆಮೇಲೆ ಅಳು ಬಂದು ಕೂತಳು. ಒಳಗಿಂದ ಗಣಪತಿಯ ಸಣ್ಣ ದನಿ, ‘ಹಗ್ಗ ಬಿಗಿ ಉಂಟಾ ಮೇಸ್ತ್ರೀ?’

‘ಬಿಗಿ ಉಂಟು ಮಾರಾಯ’ ಎಂದೆ. ನನ್ನ ಕಣ್ಣಲ್ಲೂ ನೀರು, ಮುಚ್ಚಿಡುವುದೇನಿದೆ.

ಅವಳು ಕತ್ತರಿಸಿದ ತಂತಿಯನ್ನು ಮತ್ತೆ ಜೋಡಿಸಿ ಬೆಸೆದೆ. ಅಲ್ಲಿಂದ ಮುಂದೆ ನಿವೃತ್ತನಾಗುವವರೆಗೂ ಯಾವ ಮನೆಯಲ್ಲೂ ಬರೀ ಒಂದು ದಿನ ನೋಡಿ ನಕ್ಷೆ ಬರೆಯಲಿಲ್ಲ. ಹನ್ನೆರಡು ತಿಂಗಳಲ್ಲಿ ಈ ಮನೆ ಹೇಗೆಲ್ಲ ಬದಲಾಗುತ್ತದೆ, ಎಲ್ಲಿ ಅಗೆಯುತ್ತೀರಿ, ಎಲ್ಲಿ ಚಪ್ಪರ ಹಾಕುತ್ತೀರಿ, ದನ ಎಲ್ಲಿ ಕಟ್ಟುತ್ತೀರಿ ಎಂದು ಕೇಳುತ್ತಿದ್ದೆ. ಇಡಗುಂದಿಯಲ್ಲಿ ಒಬ್ಬರು, ‘ವಾಯರಿಂಗಿಗೆ ಬಂದ್ರೋ, ಹೆಣ್ಣು ಕೇಳೂಕೆ ಬಂದ್ರೋ?’ ಎಂದು ಚೇಷ್ಟೆ ಮಾಡಿದ್ದರು. ಇರಲಿ. ನಿಮಗೆ ಹೇಳುವುದೂ ಅಷ್ಟೇ. ಕೇಳಿ. ಕೆಲಸ ಮುಗಿದ ಮೇಲೆ ಮನೆಯವರ ಕೈಗೇ ಕತ್ತರಿ ಕೊಡಿ.

ಗಣಪತಿ ನನಗೆ ಒಂದು ದಿನವೂ ಶಾಲೆಯ ಪಾಠದ ಹಾಗೆ ಕಲಿಸಲಿಲ್ಲ. ನೋವಿನಲ್ಲಿ ಮಲಗಿ, ತಾನು ಕಳೆದುಕೊಂಡ ಕೆಲಸದಿಂದಲೇ ಒಂದು ಮಾತು ತೆಗೆದು ನನ್ನ ಕೆಲಸಕ್ಕೆ ಕೊಟ್ಟ. ಆ ಋಣ ನನ್ನ ಮೇಲೆ ಇದ್ದೇ ಇದೆ.

ಈಗಲೂ ವರ್ಷಕ್ಕೊಂದು ಸಲ, ದೀಪಾವಳಿ ಕಳೆದು ಚಪ್ಪರದ ಕಂಬ ನೆಟ್ಟ ದಿನ, ಅವನಿಂದ ಫೋನು ಬರುತ್ತದೆ. ಈಗ ಆ ಮನೆಗೂ ಸಿಗ್ನಲ್ಲು ಬಂದಿದೆ. ಈಶ್ವರ ಬೇಕೆಂದೇ ಒಮ್ಮೆ ತಂತಿ ಬಿಚ್ಚುತ್ತಾನೆ. ಅತ್ತಿಗೆ ಗಂಟೆಯ ಹತ್ತಿರ ಫೋನು ಹಿಡಿಯುತ್ತಾಳೆ. ನಾನು ಶಿರಸಿಯ ಜಗುಲಿಯಲ್ಲಿ ಕೂತು ಅದನ್ನು ಪೂರ್ತಿ ಕೇಳುತ್ತೇನೆ. ಹೋದ ತಿಂಗಳೂ ಕೇಳಿದೆ. ಗಂಟೆ ನಿಂತ ಮೇಲೆ ಗಣಪತಿ ಮಾತಿಗೆ ಬಂದ. ಕಂಬ ಎಷ್ಟು, ಅಡಿಕೆ ಹೇಗೆ ಎಂದೆಲ್ಲ ಆಯಿತು. ಲಕ್ಷ್ಮಿಗೆ ಕೊಡು, ಒಂದು ಮಾತಾಡುತ್ತೇನೆ ಎಂದೆ.

‘ಈಗ ಹನ್ನೊಂದು ಗಂಟೆ ಮೇಸ್ತ್ರೀ’ ಎಂದ ಗಣಪತಿ. ‘ಅವ್ಳು ಶಾಲೀಲಿ ಇದಾಳೆ.’